ಕ್ಷೀರವ್ರತ, ವೀಗನ್ ಮತ್ತು ನನ್ನ ಒಂದು ತಿಂಗಳ ಕರಿ ಕಾಫಿ

ಹೋದ ವರ್ಷ ನವರಾತ್ರಿಯಲ್ಲಿ ಪಕ್ಕದ ಮನೆ ಮಾಮಿ ಗೊಲು ನೋಡಲು ಕರೆದಿದ್ದರು. ಹೋದೆವು. ಬೊಂಬೆ ನೋಡಿದ್ದಾಯಿತು, ಹೆಂಡತಿ ಒಂದು ದೇವರನಾಮ ಹೇಳಿದ್ದಾಯಿತು, ಕಡಲೆ ಸುಂಡಲ್ ಬಂತು. ಅದರ ಹಿಂದೆಯೇ ಡವರಾ ಲೋಟದಲ್ಲಿ ನೊರೆ ನೊರೆ ಕಾಫಿ. ನಾನು "ವೇಂಡಾಂ ಮಾಮಿ" ಅಂದೆ. ಮಾಮಿ ಮುಖ ಸಣ್ಣದಾಯಿತು. "ಎನ್ನ ಸಾರ್, ಶುಗರಾ?" ಅಂದರು. ಸಕ್ಕರೆ ಕಾಯಿಲೆ ಅಲ್ಲ, ಹಾಲು ಬಿಟ್ಟಿದ್ದೇನೆ ಎಂದು ಹೇಳಿದೆ. ಚೆನ್ನೈಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದು ಕಾಫಿ ಬೇಡ ಅನ್ನುವವನನ್ನು ಏನೆಂದು ತಿಳಿಯಬೇಕು? ನಾನು ತಿಂಗಳಿಗೊಮ್ಮೆ ಮಠಕ್ಕೆ ಹೋಗುವುದು ಅವರಿಗೆ ಗೊತ್ತು. "ಓ, ವ್ರತಮಾ?" ಎಂದು ಅವರೇ ಸಮಾಧಾನ ಮಾಡಿಕೊಂಡರು.

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇವತ್ತು ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು ಮಗಳಿಂದ. ಅವಳು ಓದಲು ಹೋದ ಊರಲ್ಲಿ ವೀಗನ್ ಆಗಿ ಬಂದಳು. ಮಾಂಸ ನಮ್ಮ ಮನೆಯಲ್ಲಿ ಮೊದಲೇ ಇಲ್ಲ. ಇವಳಿಗೆ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಜೇನುತುಪ್ಪ ಒಂದೂ ಬೇಡ. "ಅಪ್ಪಾ, ಒಂದೇ ತಿಂಗಳು ಮಾಡಿ ನೋಡು, ಆಮೇಲೆ ವಾದ ಮಾಡು" ಅಂದಳು. ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ನನ್ನ ಅಮ್ಮ ತಲೆ ಎತ್ತದೆಯೇ ಹೇಳಿದಳು: "ಇದೇನು ಹೊಸದೇನೇ? ಕ್ಷೀರವ್ರತ ಅಂತ ನಾವು ವರ್ಷಾ ವರ್ಷಾ ಮಾಡ್ತಿರಲಿಲ್ವಾ?"

ಅಮ್ಮನ ಮಾತು ಹಿಡಿದು ನಾನು ದಿನ ಗೊತ್ತುಮಾಡಿದೆ. ಭಾದ್ರಪದ ಶುದ್ಧ ದ್ವಾದಶಿಯಿಂದ ಆಶ್ವಯುಜ ಶುದ್ಧ ಏಕಾದಶಿವರೆಗೆ. ಅಜ್ಜಿಗೂ ಒಪ್ಪಿಗೆ, ಮೊಮ್ಮಗಳಿಗೂ ಒಪ್ಪಿಗೆ. ನಡುವೆ ಸಿಕ್ಕಿಬಿದ್ದವನು ನಾನು!

ಗೊತ್ತಿಲ್ಲದವರಿಗೆ ಚಾತುರ್ಮಾಸ್ಯದ ಲೆಕ್ಕ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗುತ್ತಾನೆ, ಕಾರ್ತಿಕ ಶುದ್ಧದಲ್ಲಿ ಏಳುತ್ತಾನೆ. ಈ ನಾಲ್ಕು ತಿಂಗಳಿಗೆ ಮಾಧ್ವರ ಮನೆಗಳಲ್ಲಿ ನಾಲ್ಕು ವ್ರತ. ಮೊದಲನೆಯದು ಶಾಕವ್ರತ: ತರಕಾರಿ, ಸೊಪ್ಪು, ಹುಣಸೆಹಣ್ಣು, ಮೆಣಸಿನಕಾಯಿ ಇಲ್ಲ. ಕಾಳುಮೆಣಸು, ಜೀರಿಗೆ, ಮಾವಿನಕಾಯಿಯಲ್ಲೇ ಅಡುಗೆ ತೂಗಿಸಬೇಕು. ಎರಡನೆಯದು ದಧಿವ್ರತ: ಮೊಸರಿಲ್ಲ. ಮೂರನೆಯದು ಕ್ಷೀರವ್ರತ: ಹಾಲಿಲ್ಲ. ನಾಲ್ಕನೆಯದು ದ್ವಿದಳ: ಬೇಳೆಕಾಳು ಇಲ್ಲ. ಸಣ್ಣಪುಟ್ಟ ವ್ಯತ್ಯಾಸ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಇದ್ದೇ ಇದೆ. ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ. ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇರುವ ಸೀಮೆ, ಹಾಗಾಗಿ ಪದ್ಧತಿ ಬಿಗಿ. ಮದರಾಸಿಗೆ ಬಂದ ಮೇಲೂ ಅಮ್ಮ ಅದನ್ನು ಬಿಡಲಿಲ್ಲ. ತಿರುವಲ್ಲಿಕ್ಕೇಣಿ ಕಡೆ ಹಳೆಯ ಕನ್ನಡ ಮನೆಗಳಲ್ಲಿ ಇವತ್ತಿಗೂ ಇದು ನಡೆಯುತ್ತದೆ.

ಆದರೆ ಲೆಕ್ಕ ಹಾಕುತ್ತಾ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಈ ನಾಲ್ಕೂ ತಿಂಗಳಲ್ಲಿ ಒಂದು ಬಿಟ್ಟರೆ ಇನ್ನೊಂದು ಇರುತ್ತದೆ. ಮೊಸರಿಲ್ಲದ ತಿಂಗಳಲ್ಲಿ ಹಾಲು ಉಂಟು. ಹಾಲಿಲ್ಲದ ತಿಂಗಳಲ್ಲಿ ಮೊಸರು ಉಂಟು, ತುಪ್ಪವಂತೂ ಯಾವಾಗಲೂ ಉಂಟು. ಅಂದರೆ ಹಸು ನಮ್ಮ ಅಡುಗೆಮನೆ ಬಿಟ್ಟು ಹೋಗುವುದೇ ಇಲ್ಲ. ವ್ರತದ ಲಕ್ಷ್ಯ ಇರುವುದು ತಿನ್ನುವವನ ನಾಲಿಗೆಯ ಮೇಲೆ, ಹಾಲು ಕೊಡುವ ಹಸುವಿನ ಮೇಲಲ್ಲ. ಮಗಳ ವ್ರತ ಪೂರಾ ಹಸುವಿನ ಮೇಲೆ. ಎರಡೂ ಒಂದೇ ಎಂದು ಅಮ್ಮ ಹೇಳಿದ್ದೂ ಪೂರ್ತಿ ಸರಿಯಲ್ಲ, ತನ್ನದು ಹೊಚ್ಚ ಹೊಸದು ಎಂದು ಮಗಳು ತಿಳಿದದ್ದೂ ಸರಿಯಲ್ಲ.

ವೀಗನ್ ಎಂಬ ಪದ ಹುಟ್ಟಿದ್ದು 1944ರ ನವೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಹಾಲನ್ನೂ ಬಿಟ್ಟ ಸಸ್ಯಾಹಾರಿಗಳಿಗಾಗಿ ಬೇರೆ ಸಂಘ ಕಟ್ಟಿದರು. 'ವೆಜಿಟೇರಿಯನ್' ಪದದ ತಲೆ ಮತ್ತು ಬಾಲ ಸೇರಿಸಿ 'ವೀಗನ್' ಮಾಡಿದರು. ಅದರ ಐವತ್ತನೇ ವರ್ಷ, 1994ರಲ್ಲಿ, ನವೆಂಬರ್ 1 ವಿಶ್ವ ವೀಗನ್ ದಿನವಾಯಿತು. (ನಮಗೆ ಅಂದು ರಾಜ್ಯೋತ್ಸವ. ಮಗಳಿಗೆ ಎರಡೆರಡು ಹಬ್ಬ!) ಜನವರಿ ಒಂದು ತಿಂಗಳು ವೀಗನ್ ಆಗಿರುವ ಪ್ರಚಾರ ಬ್ರಿಟನ್ನಿನಲ್ಲಿ ಶುರುವಾಗಿದ್ದು 2014ರಲ್ಲಿ. ನಮ್ಮ ಸರ್ಕಾರವೂ 2022ರಲ್ಲಿ ವೀಗನ್ ಆಹಾರಕ್ಕೆಂದೇ ನಿಯಮ ಮಾಡಿದೆ.

ಆದರೆ ವಾಟ್ಸನ್ ಅವರಿಗಿಂತ ಮೂವತ್ತೆರಡು ವರ್ಷ ಮೊದಲೇ ಹಸುವಿನ ಸಂಕಟ ಕೇಳಿ ಹಾಲು ಬಿಟ್ಟವರು ಒಬ್ಬರಿದ್ದರು. ಅವರ ಕಥೆ ನಮ್ಮ ಕಥೀಡ್ರಲ್ ರಸ್ತೆಗೂ ಬಂದು ಹೋಗುತ್ತದೆ.

ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಜೊತೆ ಹಾಲು ಬಿಟ್ಟರು. ಮೊದಲ ಕಾರಣ ಬ್ರಹ್ಮಚರ್ಯ, ಇಂದ್ರಿಯನಿಗ್ರಹ. ಅಂದರೆ ನಮ್ಮ ಅಮ್ಮನ ಕಾರಣ. ಅದೇ ಹೊತ್ತಿಗೆ ಕಲ್ಕತ್ತದಿಂದ ಬಂದ ಕೆಲವು ಬರಹಗಳಲ್ಲಿ ಅಲ್ಲಿನ ಗೌಳಿಗರು ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯನ್ನು ಓದಿದರು. ಅದರಲ್ಲಿ ಫೂಕಾ ಎಂಬುದೊಂದು. ಬರೆಯಲು ಕೈ ಬರುವುದಿಲ್ಲ, ಆದರೂ ಹೇಳಬೇಕು: ಇನ್ನಷ್ಟು ಹಾಲು ಸುರಿಯಲಿ ಎಂದು ಹಸುವಿನ ಜನನಾಂಗದೊಳಗೆ ಗಾಳಿ ಊದುವುದು. ಇದು ಎರಡನೇ ಕಾರಣವಾಯಿತು. ಇದು ನನ್ನ ಮಗಳ ಕಾರಣ. ಒಬ್ಬ ಮನುಷ್ಯನಲ್ಲಿ ಎರಡೂ ಕೂಡಿದ್ದವು.

ಮುಂದೆ 1918ರಲ್ಲಿ ಅವರು ಆಮಶಂಕೆಯಿಂದ ಸಾಯುವ ಸ್ಥಿತಿಗೆ ಬಂದರು. ಹಾಲಿಲ್ಲದೆ ದೇಹ ಕಟ್ಟಲಾಗದು ಎಂದು ಡಾಕ್ಟರು ಹೇಳಿದರು. ಪ್ರತಿಜ್ಞೆ ಇದೆ ಎಂದರು ಇವರು. ಆಗ ಕಸ್ತೂರಬಾ, ಆಡಿನ ಹಾಲಿಗೆ ಏನು ಅಡ್ಡಿ ಎಂದು ಕೇಳಿದರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರ ತಾನೇ! 1919ರ ಆರಂಭದಲ್ಲಿ ಆಡಿನ ಹಾಲು ಶುರುವಾಯಿತು. ಅಕ್ಷರ ಉಳಿಯಿತು, ಅರ್ಥ ಹೋಯಿತು ಎಂದು ಅವರೇ ಆತ್ಮಕಥೆಯಲ್ಲಿ ನೊಂದುಕೊಂಡಿದ್ದಾರೆ.

ಅದೇ ಮಾರ್ಚಿನಲ್ಲಿ ಅವರು ಮದರಾಸಿಗೆ ಬಂದರು. ರೌಲಟ್ ಕಾಯಿದೆಯ ಗಲಾಟೆಯ ಕಾಲ. ರಾಜಾಜಿಯವರ ಅತಿಥಿಯಾಗಿ ಕಥೀಡ್ರಲ್ ರಸ್ತೆಯ ಬಂಗಲೆಯಲ್ಲಿ ಇಳಿದರು. ಬಂಗಲೆ 'ಹಿಂದೂ' ಪತ್ರಿಕೆಯ ಕಸ್ತೂರಿ ರಂಗ ಅಯ್ಯಂಗಾರರದು. ಇನ್ನೂ ನಿಂತು ಭಾಷಣ ಮಾಡುವ ಶಕ್ತಿ ಇರಲಿಲ್ಲ. ಒಂದು ಬೆಳಗಿನ ಜಾವ, ಅರೆನಿದ್ದೆಯಲ್ಲಿ, ದೇಶವೆಲ್ಲ ಒಂದು ದಿನ ಕೆಲಸ ನಿಲ್ಲಿಸಿ ಉಪವಾಸ ಮಾಡಲಿ ಎಂಬ ಯೋಚನೆ ಹೊಳೆಯಿತು. ಅದೇ ಏಪ್ರಿಲ್ 6ರ ಹರತಾಳ. ಬಂಗಲೆ ಇದ್ದಲ್ಲಿ ಈಗ ದೊಡ್ಡ ಹೋಟೆಲು ಇದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಹರತಾಳದ ಜೊತೆಗೆ ಆ ಆಡಿನ ಹಾಲೂ ನನಗೆ ನೆನಪಾಗುತ್ತದೆ.

ಅದೇ ರಸ್ತೆಯಲ್ಲಿ ನಮ್ಮವರ ಇನ್ನೊಂದು ಗುರುತು ಇತ್ತು. ಉಡುಪಿ ಸೀಮೆಯ ಕಡಂದಲೆಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನ. ಮದರಾಸಿಗೆ ಇಡ್ಲಿ ದೋಸೆಯ ಜೊತೆ ಹಾಲು ಕಾಫಿಯ ರುಚಿ ಹತ್ತಿಸಿದವರಲ್ಲಿ ಉಡುಪಿ ಹೋಟೆಲಿನವರ ಪಾಲು ದೊಡ್ಡದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅಲ್ಲಿ ಕೂತು ಕನ್ನಡದಲ್ಲಿ "ಇನ್ನೊಂದು ಕಾಫಿ" ಅನ್ನುವುದೇ ಊರಿಗೆ ಹೋಗಿ ಬಂದಷ್ಟು ಸುಖ. ಅಂಥ ಊರಲ್ಲಿ ಹಾಲು ಬಿಡುವುದೆಂದರೆ ಬರೀ ಪಥ್ಯವಲ್ಲ ನೋಡಿ.

ಹಾಲಿನ ಹಿಂದೆ ಇನ್ನೊಂದು ಚಿತ್ರವೂ ಇತ್ತು. ನಾನು ಮೊದಲು ಬಾಡಿಗೆಗಿದ್ದ ಮಾಂಬಲದ ಮನೆಯ ಪಾಟಿ ಹೇಳುತ್ತಿದ್ದರು: ಹಾಲಿನವನು ಹಸುವನ್ನು ಬಾಗಿಲಿಗೇ ತಂದು ಕರೆಯುತ್ತಿದ್ದನಂತೆ. ಕರು ಸತ್ತಿದ್ದರೆ ಅದರ ಚರ್ಮಕ್ಕೆ ಹುಲ್ಲು ತುಂಬಿ, ಕಂಕುಳಲ್ಲಿ ಇರುಕಿಕೊಂಡು ಬಂದು ಹಸುವಿನ ಮುಂದೆ ನಿಲ್ಲಿಸುತ್ತಿದ್ದನಂತೆ. ಹಸು ಅದನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತಂತೆ. ಪಾಟಿ ಇದನ್ನು ಹೇಳಿ, "ಪಾವಂ" ಎಂದು ಕಣ್ಣು ಒರೆಸಿ, ನನಗೆ ಕಾಫಿ ಕೊಡುತ್ತಿದ್ದರು. ನಾನೂ ಕುಡಿಯುತ್ತಿದ್ದೆ.

ಈ ಫೂಕಾ ವಿಷಯ ಕೊನೆಗೆ ಬಂದು ನಿಂತದ್ದೂ ಮದರಾಸಿನವರ ಕೈಯಲ್ಲೇ. ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಪ್ರಾಣಿಹಿಂಸೆ ತಡೆಯಲು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ಮಾಡುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಅದರ ಫಲ 1960ರ ಪ್ರಾಣಿಹಿಂಸೆ ತಡೆ ಕಾಯಿದೆ. ಅದರ 12ನೇ ಕಲಮು ಫೂಕಾವನ್ನು ಅಪರಾಧ ಎನ್ನುತ್ತದೆ. 1982ರ ತಿದ್ದುಪಡಿಯಲ್ಲಿ, ಹಾಲು ಹೆಚ್ಚಿಸಲು ಆರೋಗ್ಯಕ್ಕೆ ಹಾನಿಯಾಗುವಂಥ ಚುಚ್ಚುಮದ್ದು ಕೊಡುವುದೂ ಸೇರಿತು. 1962ರಲ್ಲಿ ಆದ ಪ್ರಾಣಿ ಕಲ್ಯಾಣ ಮಂಡಳಿಗೆ ಆಕೆಯೇ ಮೊದಲ ಅಧ್ಯಕ್ಷೆ. ಮಂಡಳಿಯ ಕಚೇರಿ ಬಹಳ ವರ್ಷ ಈ ಊರಲ್ಲೇ ಇದ್ದು, ಈಗ ಹರಿಯಾಣದಲ್ಲಿದೆ. ಇಷ್ಟಾದರೂ ರುಕ್ಮಿಣಿದೇವಿ ಕೇಳಿದ್ದು ಹಿಂಸೆ ಬೇಡ ಎಂದು, ಹಾಲೇ ಬೇಡ ಎಂದಲ್ಲ. ಆ ಮಾತು ನನ್ನ ಮಗಳ ಕಾಲಕ್ಕೆ ಉಳಿಯಿತು.

ಇಲ್ಲಿಯವರೆಗೆ ಇತಿಹಾಸ ಸುಲಭ. ಇನ್ನು ಮನೆಯದು.

ನಮ್ಮ ಅಪ್ಪ ಬೇಗ ಹೋದರು. ಅಮ್ಮನ ಕೈಯಲ್ಲಿ ಉಳಿದದ್ದು ಎರಡು ಹಸು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಶುರುವಾಗಿ, ಹಳ್ಳಿ ಹಳ್ಳಿಗೆ ಹಾಲಿನ ಸೊಸೈಟಿ ಬಂತು. 1984ರಲ್ಲಿ ಅದೇ ಕೆಎಂಎಫ್ ಆಯಿತು. ಕೋಲಾರ ಸೀಮೆಯಲ್ಲಿ ಮಳೆ ಇಲ್ಲ, ನದಿ ಇಲ್ಲ. ಇದ್ದದ್ದು ರೇಷ್ಮೆ ಮತ್ತು ಹಾಲು. ನಾಟಿ ಹಸು ಹೋಗಿ ಸೀಮೆ ಹಸು ಬಂತು. ಬೆಳಗ್ಗೆ ಸಂಜೆ ಕ್ಯಾನು ಹೊತ್ತು ಸೊಸೈಟಿಗೆ ಹೋಗಿ, ಬಟವಾಡೆ ದಿನ ಬಂದ ದುಡ್ಡಿನಲ್ಲಿ ಅಮ್ಮ ನನ್ನ ಕಾಲೇಜು ಫೀಸು ಕಟ್ಟಿದಳು. ನಾನು ಮದರಾಸಿಗೆ ಕೆಲಸಕ್ಕೆ ಬಂದ ಬಸ್ಸಿನ ಚೀಟಿಯೂ ಹಾಲಿನ ದುಡ್ಡೇ. ಕ್ಷೀರವ್ರತದ ತಿಂಗಳಲ್ಲಿ ತಾನು ಒಂದು ತೊಟ್ಟು ಕುಡಿಯದೆ ಅಷ್ಟನ್ನೂ ಅಳೆದುಕೊಟ್ಟು ಬರುತ್ತಿದ್ದಳು.

ತಿಂಗಳ ನಡುವೆ ಒಂದು ರಾತ್ರಿ ಇದನ್ನೆಲ್ಲ ಮಗಳಿಗೆ ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ ಅನ್ನಿ. ಅವಳು ವಾದ ಮಾಡಲಿಲ್ಲ. ಅಜ್ಜಿ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಜ್ಜಿ, ಗಂಡು ಕರು ಹುಟ್ಟಿದರೆ ಏನು ಮಾಡ್ತಿದ್ರಿ?"

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ನಾಟಿ ಹೋರಿಯಾದರೆ ಉಳುವುದಕ್ಕೆ, ಗಾಡಿಗೆ ಆಗುತ್ತಿತ್ತು. ಸೀಮೆ ಹಸುವಿನ ಗಂಡು ಕರುವಿಗೆ ಭುಜದ ಮೇಲೆ ಡುಬ್ಬ ಇಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲೂ ತಡೆಯುವುದಿಲ್ಲ. ಅಮ್ಮ ಕಡೆಗೆ ಅಂದಳು: "ಸಂತೆಗೆ ಹೊಡೀತಿದ್ವಿ ಕಣೇ. ಯಾರು ತಗೊಂಡ್ರು ಅಂತ ನಾನು ಕೇಳ್ತಿರಲಿಲ್ಲ. ಕೇಳಿದ್ರೆ ನಿಮ್ಮಪ್ಪನ್ನ ಓದಿಸೋಕೆ ಆಗ್ತಿತ್ತಾ?"

ಮಗಳು ಹೋಗಿ ಅಜ್ಜಿಯ ಪಕ್ಕ ಕೂತಳು. ಆ ರಾತ್ರಿ ನಾವು ಯಾರೂ ಆ ಮಾತು ಮುಂದುವರಿಸಲಿಲ್ಲ.

ಇನ್ನು ತಿಂಗಳು ಹೇಗೆ ಕಳೆಯಿತು ಅಂತೀರಾ? ಅರ್ಧ ಚೆನ್ನೈ ಅಡುಗೆ ಮೊದಲೇ ವೀಗನ್ ಎಂದು ಗೊತ್ತಾಯಿತು. ಇಡ್ಲಿ, ಸಾಂಬಾರು, ಹುಳಿಯನ್ನ, ಸುಂಡಲ್, ತೆಂಗಿನಹಾಲಿನ ಪಾಯಸ. ತುಪ್ಪ ಒಂದು ವಾರದಲ್ಲಿ ಮರೆತೆ. ಸೋತದ್ದು ಊಟದ ಕೊನೆಯ ಮೊಸರನ್ನದ ಹತ್ತಿರ. ಕಡಲೆಕಾಯಿಬೀಜ ರುಬ್ಬಿದ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮಗಳು ಮೊಸರು ಮಾಡಿದಳು. ಹುಳಿ ಬಂತು, ಆದರೆ ಎಲೆ ಎತ್ತುವ ಮನಸ್ಸು ಬರಲಿಲ್ಲ. ಡಿಕಾಕ್ಷನ್ ಮಾತ್ರ ಕುಡಿದು ಕುಡಿದು ಅದರ ರುಚಿ ಹತ್ತಿತು. ಒಂದು ಎಚ್ಚರಿಕೆ: ಗಿಡಮೂಲದ ಊಟದಲ್ಲಿ ಬಿ12 ಜೀವಸತ್ವ ಇರುವುದಿಲ್ಲ. ವರ್ಷಗಟ್ಟಲೆ ಹೀಗೆ ಇರುವವರು ಅದನ್ನು ಮಾತ್ರೆಯಾಗಿ ತೆಗೆದುಕೊಳ್ಳಲೇಬೇಕು. ಗಾಂಧೀಜಿ ಹಾಸಿಗೆ ಹಿಡಿದ ಕಾಲಕ್ಕೆ ಇದು ಯಾರಿಗೂ ಗೊತ್ತಿರಲಿಲ್ಲ, ಬಿ12 ಬೇರ್ಪಡಿಸಿದ್ದೇ 1948ರಲ್ಲಿ. ಹಾಗೆಂದು ನಮ್ಮ ಹಿರಿಯರು ಇದನ್ನು ತಿಳಿದೇ ವ್ರತದಲ್ಲಿ ಮೊಸರು ಉಳಿಸಿದರು ಎಂದು ಎದೆ ತಟ್ಟಿಕೊಳ್ಳುವುದು ಬೇಡ.

ಏಕಾದಶಿ ಕಳೆದು ದ್ವಾದಶಿ ಬೆಳಗ್ಗೆ ಅಮ್ಮ ಪಾರಣೆ ಮುಗಿಸಿ ಹಾಲು ಹಾಕಿದ ಕಾಫಿ ಕುಡಿದಳು. ನನಗೂ ಒಂದು ಲೋಟ ಇಟ್ಟಳು. ಕುಡಿದೆ. ಸುಳ್ಳು ಹೇಳುವುದಿಲ್ಲ, ಬಹಳ ಚೆನ್ನಾಗಿತ್ತು. ಈಗ ದಿನಕ್ಕೆ ಅದೊಂದೇ ಲೋಟ, ಮಿಕ್ಕದ್ದೆಲ್ಲ ಕರಿ ಕಾಫಿ. ಮಗಳಿಗೆ ಇದು ಸಾಲದು, ಅಮ್ಮನಿಗೆ ಇದು ಅತಿ. ನನ್ನನ್ನು ಓದಿಸಿದ ಹಾಲನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಕರುಗಳನ್ನು ಯಾರು ತೆಗೆದುಕೊಂಡರು ಎಂದು ಕೇಳದೆ ಇರಲೂ ಇನ್ನು ಆಗುವುದಿಲ್ಲ. ಅಮ್ಮನಿಗೆ ಆಗ ಆ ಪ್ರಶ್ನೆ ಕೇಳುವ ಅನುಕೂಲ ಇರಲಿಲ್ಲ. ನನಗೆ ಇದೆ, ಮತ್ತು ಅದನ್ನು ಕೊಡಿಸಿದವಳೂ ಅವಳೇ.

ಊರು ಬಿಟ್ಟು ಬಂದ ನಿಮ್ಮ ಮನೆಗಳಲ್ಲಿ ಚಾತುರ್ಮಾಸ್ಯದ ವ್ರತಗಳು ಇನ್ನೂ ಉಳಿದಿವೆಯೇ? ಆ ಹಾಲಿಲ್ಲದ ತಿಂಗಳಲ್ಲಿ ನಿಮ್ಮ ಅಜ್ಜಿಯರು ಏನು ಮಾಡಿ ಬಡಿಸುತ್ತಿದ್ದರು? ನೆನಪಿದ್ದವರು ಹೇಳಿ. ಮುಂದಿನ ಭಾದ್ರಪದಕ್ಕೆ ನನಗೆ ಬೇಕಾಗುತ್ತದೆ.