ಐರ್ಲೆಂಡಿನ ಹಳೆಯ ಒಕ್ಕಲುಮನೆಗಳು: ಪ್ರವಾಸಿಗೆ ಕಾಣುವ ಚರಿತ್ರೆ ಮತ್ತು ಕಾಣದ ಚರಿತ್ರೆ

ಐರ್ಲೆಂಡು ದ್ವೀಪದಲ್ಲಿ ಸಂಚಾರಮಾಡುವವರಲ್ಲಿ ಈಚೆಗೆ ಒಂದು ಪದ್ಧತಿಯು ರೂಢವಾಗಿದೆ. ಬಾಡಿಗೆಯ ಮೋಟಾರುಗಾಡಿಯನ್ನು ತಾವೇ ನಡಸಿಕೊಂಡು, ಪಟ್ಟಣದ ಹೋಟೆಲುಗಳನ್ನು ಬಿಟ್ಟು, ಹಳ್ಳಿಗಾಡಿನ ಪುರಾತನವಾದ ಒಕ್ಕಲುಮನೆಗಳಲ್ಲಿ ಒಂದೆರಡು ರಾತ್ರಿ ಇಳಿದುಕೊಳ್ಳುತ್ತ ದೇಶವನ್ನು ಸುತ್ತುವುದೇ ಆ ಪದ್ಧತಿ. ಅಲ್ಲಿಯೂ ನಮ್ಮಲ್ಲಿರುವಂತೆ ಗಾಡಿಗಳು ದಾರಿಯ ಎಡಮಗ್ಗುಲಿನಲ್ಲಿಯೇ ಚಲಿಸತಕ್ಕುವಾದುದರಿಂದ ನಮ್ಮ ದೇಶದವರಿಗೂ ಇದು ತೊಡಕಿನದಲ್ಲ. ದಕ್ಷಿಣದ ಕಿನ್ಸೇಲ್ ಮೊದಲ್ಗೊಂಡು ಉತ್ತರದ ಇನಿಶೋವೆನ್ ವರೆಗೆ ಪಶ್ಚಿಮ ಕಡಲಕರೆಯನ್ನು ಅನುಸರಿಸುವ ಸುಮಾರು 2,500 ಕಿಲೋಮೀಟರುಗಳ ಮಾರ್ಗವನ್ನು 2014ರಲ್ಲಿ ಗುರುತಿಸಿ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂದು ಹೆಸರಿಟ್ಟಿದ್ದಾರೆ. ದಪ್ಪ ಗೋಡೆ, ದೊಡ್ಡ ಒಲೆ, ಸುತ್ತಲೂ ಕೊಟ್ಟಿಗೆಗಳು, ಇವನ್ನು ಕಂಡ ಅತಿಥಿಯು ‘ಹಳೆಯ ಐರ್ಲೆಂಡು ಇದೇ’ ಎಂದು ಭಾವಿಸುವುದು ಸಹಜ. ಆದರೆ ಮನೆಯೂ ಒಂದು ಶಾಸನದಂತೆಯೇ. ಅದನ್ನು ಬರೆಯಿಸಿದವನು ಯಾರು, ಅದರಲ್ಲಿ ಹೆಸರಿಲ್ಲದವರು ಯಾರು ಎಂಬುದನ್ನು ವಿಚಾರಿಸದೆ ಅದನ್ನು ಓದಿದಂತಾಗುವುದಿಲ್ಲ.

ಮನೆಯನ್ನು ಮುಟ್ಟುವ ದಾರಿಯಿಂದಲೇ ಪ್ರಾರಂಭಿಸಬಹುದು. ಹೆದ್ದಾರಿಯಿಂದ ಕವಲೊಡೆದು ಹೊಲಗಳ ನಡುವೆ ಹೋಗುವ ಇಕ್ಕಟ್ಟಾದ ಹಾದಿಗೆ ಅಲ್ಲಿಯ ಜನ ‘ಬೋರೀನ್’ ಎನ್ನುತ್ತಾರೆ. ಇದು ‘ಬೋಹರ್’ ಎಂಬ ಐರಿಶ್ ಶಬ್ದದ ಅಲ್ಪಾರ್ಥಕ ರೂಪ. ‘ಬೋಹರ್’ ಎಂದರೆ ದಾರಿ. ಅದರ ಮೂಲವು ‘ಬೋ’, ಅಂದರೆ ಹಸು. ಈ ‘ಬೋ’ ನಮ್ಮ ಸಂಸ್ಕೃತದ ‘ಗೋ’ ಶಬ್ದದ ಸಹೋದರವೆಂಬುದು ಭಾಷಾಶಾಸ್ತ್ರಜ್ಞರಿಗೆ ಸಮ್ಮತವಾದ ವಿಷಯ. ಸಂಸ್ಕೃತದ ‘ಜೀವ’ಕ್ಕೆ ಅಲ್ಲಿ ‘ಬೇಯೊ’ ಎಂದೂ ವೇದದ ‘ಗ್ನಾ’ ಶಬ್ದಕ್ಕೆ ‘ಬೆನ್’ ಎಂದೂ ಇರುವುದನ್ನು ನೋಡಿದರೆ ಆ ಬಕಾರವು ಆಕಸ್ಮಿಕವಲ್ಲವೆಂಬುದು ವ್ಯಕ್ತವಾಗುತ್ತದೆ. ಡಬ್ಲಿನ್ನಿನವನಾದ ವಿಟ್ಲಿ ಸ್ಟೋಕ್ಸನು 1862ರಲ್ಲಿ ಭಾರತಕ್ಕೆ ಬಂದು, 1877ರಿಂದ 1882ರ ವರೆಗೆ ವೈಸರಾಯನ ಮಂತ್ರಾಲೋಚನಸಭೆಯಲ್ಲಿ ನ್ಯಾಯಶಾಸ್ತ್ರದ ಸದಸ್ಯನಾಗಿದ್ದು, ಆ ಕೆಲಸದ ಬಿಡುವಿನಲ್ಲಿಯೇ ಪ್ರಾಚೀನ ಐರಿಶ್ ಗ್ರಂಥಗಳನ್ನು ಸಂಶೋಧಿಸಿದನು. ಕೆಲವನ್ನು ಕಲ್ಕತ್ತೆಯಲ್ಲಿಯೇ ಅಚ್ಚುಹಾಕಿಸಿದನು.

ಎಂಟನೆಯ ಶತಮಾನದ ಆದಿಭಾಗದ್ದೆನ್ನುವ ‘ಕ್ರೀಹ್ ಗವ್ಲಖ್’ ಎಂಬ ಐರಿಶ್ ಧರ್ಮಶಾಸ್ತ್ರಗ್ರಂಥವು ಜನರ ಅಂತಸ್ತನ್ನು ಹೇಳುವಾಗ ಯಾವ ದರ್ಜೆಯವನ ಮನೆ ಎಷ್ಟು ಅಡಿ ಇರಬೇಕೆಂಬುದನ್ನೂ ವಿಧಿಸುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಅಲ್ಲಿಯ ಸ್ವತಂತ್ರನಾದ ಒಕ್ಕಲಿಗನ ಹೆಸರು ‘ಬೋಆಯರೆ’. ಅಂದರೆ ಗೋಸಂಪತ್ತಿನಿಂದ ಮಾನ್ಯನಾದವನು. (ಇದರ ಉತ್ತರಪದವನ್ನು ನಮ್ಮ ‘ಆರ್ಯ’ ಶಬ್ದದೊಡನೆ ಹೊಂದಿಸುವವರುಂಟು, ಅದು ನಿರ್ವಿವಾದವಲ್ಲ.) ‘ಬ್ರಿಯುಗು’ ಎಂಬ ಇನ್ನೊಬ್ಬನಿಗಂತೂ ಬಂದವರಿಗೆಲ್ಲ ಅನ್ನವಿಕ್ಕುವುದರಿಂದಲೇ ಅಂತಸ್ತು ಲಭಿಸುತ್ತಿತ್ತು. ಈಗಿನ ಅತಿಥಿಗೃಹಗಳು ಹಣಕ್ಕಾಗಿ ನಡೆಯತಕ್ಕುವು. ಅವನ್ನು ಆ ಪ್ರಾಚೀನ ಸತ್ರಧರ್ಮದ ಮುಂದುವರಿಕೆಯೆಂದು ವರ್ಣಿಸುವುದು ಉತ್ಪ್ರೇಕ್ಷೆಯೇ ಸರಿ.

ಇನ್ನು ಮನೆಯ ರಚನೆ. ಐರ್ಲೆಂಡಿನ ಸಾಂಪ್ರದಾಯಿಕ ಒಕ್ಕಲುಮನೆಗೆ ಅಗಲದಲ್ಲಿ ಒಂದೇ ಕೋಣೆ. ಕೋಣೆಗಳು ಸಾಲಾಗಿ ಒಂದರ ಮಗ್ಗುಲಿಗೊಂದು ಇರುವುವು. ಮನೆ ಬೆಳೆದರೆ ಉದ್ದಕ್ಕೆ ಬೆಳೆಯುವುದು, ಅಥವಾ ಮೇಲಕ್ಕೆ ಏಳುವುದು. ನಡುವೆ ಅಡಿಗೆಮನೆ, ಅದರಲ್ಲಿ ಒಲೆ. ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ಬಾಗಿಲು ಒಲೆಯ ಪಕ್ಕದಲ್ಲಿಯೇ ತೆರೆಯುತ್ತದೆ. ಗಾಳಿಯನ್ನು ತಡೆಯಲು ನಡುವೆ ಒಂದು ಮೋಟುಗೋಡೆ, ಆ ಗೋಡೆಯಲ್ಲಿ ಬಂದವರನ್ನು ಒಲೆಯ ಬಳಿಯಿಂದಲೇ ನೋಡುವುದಕ್ಕೆ ಒಂದು ಕಿರುಗಿಂಡಿ. ಪಶ್ಚಿಮದಲ್ಲಿಯೂ ಉತ್ತರದಲ್ಲಿಯೂ ಬಾಗಿಲು ಒಲೆಯಿಂದ ದೂರದಲ್ಲಿ ನೇರವಾಗಿ ಅಡಿಗೆಮನೆಗೆ ತೆರೆಯುವುದು. ಅದಕ್ಕೆದುರಾಗಿ ಹಿತ್ತಿಲ ಗೋಡೆಯಲ್ಲಿ ಇನ್ನೊಂದು ಬಾಗಿಲು. ವಾಯವ್ಯದಲ್ಲಿ ಒಲೆಯ ಬಳಿ ಗೋಡೆಯನ್ನು ಹೊರಕ್ಕೆ ಚಾಚಿ ಹಾಸಿಗೆಗೆ ಗೂಡನ್ನು ಮಾಡುತ್ತಿದ್ದರು. ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣುಗಟ್ಟಿಯೇ ಸೌದೆ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಕೆದಕುತ್ತಿದ್ದರು. ಒಲೆ ಆರುವುದು ಮನೆ ಆರಿದಂತೆ. 1662ರಲ್ಲಿ ಸರಕಾರವು ಒಲೆಯೊಂದಕ್ಕೆ ಎರಡು ಷಿಲಿಂಗಿನಂತೆ ಕಂದಾಯ ವಿಧಿಸಿತೆಂದರೆ, ಮನೆಯ ಲೆಕ್ಕವೆಂದರೆ ಒಲೆಯ ಲೆಕ್ಕವೆಂದೇ ಆಯಿತು.

ಆದರೆ ಈಗ ಅತಿಥಿಗಳಿಗೆ ತೆರೆದಿರುವ ಮನೆಗಳಲ್ಲಿ ಬಹುಪಾಲು ಸ್ಲೇಟುಕಲ್ಲಿನ ಹೊದಿಕೆಯುಳ್ಳ, ಕಲ್ಲುಗೋಡೆಯ, ಎರಡಂತಸ್ತಿನ ಮನೆಗಳು. ಇವು ಸ್ಥಿತಿವಂತರಾದ ಒಕ್ಕಲುಗಳು ಕಟ್ಟಿಸಿದುವು. ಇವರ ಪಕ್ಕದಲ್ಲಿದ್ದವರು ಯಾರು? 1841ರ ಜನಗಣತಿಯು ಐರ್ಲೆಂಡಿನ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಐದರಿಂದ ಒಂಬತ್ತು ಕೋಣೆಗಳೂ ಕಿಟಕಿಗಳೂ ಉಳ್ಳ ‘ಒಳ್ಳೆಯ ಒಕ್ಕಲುಮನೆ’ಯು ಎರಡನೆಯ ದರ್ಜೆ. ನಾಲ್ಕನೆಯದು ಒಂದೇ ಕೋಣೆಯ ಮಣ್ಣುಗುಡಿಸಲು. ಆ ವರ್ಷ ನಾಲ್ಕನೆಯ ದರ್ಜೆಯವು ಸುಮಾರು 4,91,000 ಇದ್ದುವು. ಅಂದರೆ ವಾಸದ ಮನೆಗಳ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಹತ್ತು ವರ್ಷಗಳ ತರುವಾಯ, 1851ರ ಗಣತಿಯಲ್ಲಿ, ಅವು ಸುಮಾರು 1,35,000 ಮಾತ್ರ. ಅದೇ ಅವಧಿಯಲ್ಲಿ ಎರಡನೆಯ ದರ್ಜೆಯವು ಕಡಮೆಯಾಗಲಿಲ್ಲ, ಹೆಚ್ಚಿದುವು. ಜನಸಂಖ್ಯೆಯು 81 ಲಕ್ಷಕ್ಕೆ ಮಿಕ್ಕಿದ್ದುದು 65 ಲಕ್ಷಕ್ಕೆ ಇಳಿಯಿತು. ಐರ್ಲೆಂಡಿನ ಮನೆಗಳ ಚರಿತ್ರೆಯಲ್ಲಿ ಇದಕ್ಕಿಂತ ದಾರುಣವಾದ ಅಂಕಿಗಳಿಲ್ಲ.

ಈ ನಾಶಕ್ಕೆ 1845ರಲ್ಲಿ ಆಲೂಗೆಡ್ಡೆಗೆ ತಗಲಿದ ಬೂಷ್ಟುರೋಗವು ಮೂಲಕಾರಣವೆಂಬುದು ಪ್ರಸಿದ್ಧವೇ ಆಗಿದೆ. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚಿನವರು ದೇಶವನ್ನು ಬಿಟ್ಟರು. ಆದರೆ ಜನ ಸಾಯುವುದು ಬೇರೆ, ಮನೆ ಅಳಿಯುವುದು ಬೇರೆ. ಎರಡನೆಯದಕ್ಕೆ ಶಾಸನಗಳ ಸಹಾಯವೂ ಬೇಕಾಯಿತು. ನಾಲ್ಕು ಪೌಂಡಿಗೆ ಮೀರದ ಬೆಲೆಯ ಹಿಡುವಳಿಗಳ ಬಡವರ ತೆರಿಗೆಯನ್ನು ಭೂಸ್ವಾಮಿಯೇ ತೆರಬೇಕೆಂದು 1843ರಲ್ಲಿ ಗೊತ್ತಾಗಿದ್ದುದರಿಂದ, ಸಣ್ಣ ಒಕ್ಕಲನ್ನು ಎಬ್ಬಿಸುವುದು ಅವನಿಗೆ ಲಾಭವಾಯಿತು. 1847ರ ‘ಗ್ರೆಗರಿ ವಿಧಿ’ಯು ಕಾಲೆಕರೆಗಿಂತ ಹೆಚ್ಚು ನೆಲವಿದ್ದವನಿಗೆ ಸರಕಾರದ ಪರಿಹಾರವಿಲ್ಲವೆಂದು ಸಾರಿತು, ಹಸಿದವನು ಗಂಜಿಗಾಗಿ ನೆಲವನ್ನು ಬಿಟ್ಟುಕೊಡಬೇಕಾಯಿತು. ಬಿಟ್ಟ ಮನೆಯ ಮಾಡನ್ನು ಮತ್ತೆ ಯಾರೂ ಸೇರದಂತೆ ಕೆಡವಿಸುತ್ತಿದ್ದರು. ಮಾಡಿಲ್ಲದ ಮಣ್ಣುಗೋಡೆಯು ಆ ದೇಶದ ಮಳೆಗೆ ಎಷ್ಟು ದಿನ ನಿಲ್ಲಬೇಕು? ಕಲ್ಲು ಧಾರಾಳವಾಗಿದ್ದ ಕಡೆ ಮಾತ್ರ ಗುರುತು ಉಳಿದಿದೆ. ಪಶ್ಚಿಮ ಮಾರ್ಗದಲ್ಲಿ ಹೋಗುವವರು ಅಕಿಲ್ ದ್ವೀಪದ ಸ್ಲೀವ್‌ಮೋರ್ ಬೆಟ್ಟದ ತಪ್ಪಲಲ್ಲಿ ಸುಮಾರು ಎಂಬತ್ತರಿಂದ ನೂರು ಮನೆಗಳ ಬೋಳುಗೋಡೆಗಳನ್ನು ಕಾಣಬಹುದು. ಆ ಊರು ಒಂದೇ ದಿನ ಹಾಳಾದುದಲ್ಲ. ಜನ ಬಿಟ್ಟುಹೋದ ಮೇಲೂ ದನಗಾಹಿಗಳು ಬೇಸಗೆಯಲ್ಲಿ ಅದನ್ನು ಬಳಸುತ್ತಿದ್ದರು.

ಉಳಿದ ಒಕ್ಕಲುಗಳೂ ತಮ್ಮ ಮನೆಯ ನೆಲಕ್ಕೆ ಒಡೆಯರಾಗಿರಲಿಲ್ಲ. 1879ರಲ್ಲಿ ಮೈಕೆಲ್ ಡೇವಿಟ್ಟನ ಮುಂದಾಳುತನದಲ್ಲಿ ಭೂಸಂಘವು ಏರ್ಪಟ್ಟಿತು; 1881ರ ಶಾಸನವು ನ್ಯಾಯವಾದ ಗೇಣಿಯನ್ನೂ ಹಿಡುವಳಿಯ ಸ್ಥಿರತೆಯನ್ನೂ ಒಪ್ಪಿತು; 1903ರ ವಿಂಡಮ್ ಶಾಸನವು ಕ್ರಯದ ಹಣವನ್ನು ಸಾಲವಾಗಿ ಕೊಟ್ಟು, ಅದನ್ನು ಅರುವತ್ತೆಂಟೂವರೆ ವರ್ಷಗಳಲ್ಲಿ ತೀರಿಸುವಂತೆ ಏರ್ಪಡಿಸಿತು. ಮನೆಯನ್ನು ಚೆನ್ನಾಗಿಟ್ಟರೆ ಗೇಣಿ ಹೆಚ್ಚುವುದೆಂಬ ಭಯದಿಂದ ಒಕ್ಕಲುಗಳು ಮುನ್ನ ಮನೆಯನ್ನು ಸುಧಾರಿಸುತ್ತಿರಲಿಲ್ಲವೆಂದು ಹಿಂದಿನ ಲೇಖಕರು ಒಕ್ಕೊರಲಿನಿಂದ ಬರೆದಿದ್ದಾರೆ. ಕ್ಷಾಮದ ತರುವಾಯ ಗೇಣಿಯು ಬೆಳೆಯ ಬೆಲೆಯಷ್ಟು ಏರಲಿಲ್ಲವೆಂದು ವಾನ್ ಎಂಬ ಚರಿತ್ರಕಾರನು 1994ರ ತನ್ನ ಗ್ರಂಥದಲ್ಲಿ ತೋರಿಸಿದ್ದಾನೆ. ಆದರೂ ಭಯಕ್ಕೆ ಲೆಕ್ಕದ ಪುಸ್ತಕವೇ ಬೇಕೆಂದಿಲ್ಲ. ಎಬ್ಬಿಸಿದ ನೆರೆಮನೆಯೊಂದು ಕಣ್ಣೆದುರಿಗಿದ್ದರೆ ಸಾಕು.

ಹೀಗಿರಲು ತಾನು ಇಳಿದುಕೊಂಡ ಮನೆಯ ನಿಜವಾದ ಅಂತಸ್ತನ್ನು ತಿಳಿಯಬಯಸುವ ಪ್ರವಾಸಿಗೆ ಸುಲಭವಾದ ಸಾಧನವೊಂದಿದೆ. 1901 ಮತ್ತು 1911ರ ಜನಗಣತಿಯ ಮೂಲಪತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ದಫ್ತರಖಾನೆಯು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಅವುಗಳಲ್ಲಿ ಮನೆಗಳ ಪಟ್ಟಿಯೇ ಬೇರೆ. ಗೋಡೆಯು ಕಲ್ಲಿನದಾದರೆ ಒಂದು, ಮಣ್ಣಿನದಾದರೆ ಸೊನ್ನೆ. ಮಾಡು ಸ್ಲೇಟಿನದಾದರೆ ಒಂದು, ಹುಲ್ಲಿನದಾದರೆ ಸೊನ್ನೆ. ಇದಕ್ಕೆ ಕೋಣೆಗಳ ಅಂಕವನ್ನೂ ಮುಂಗಡೆಯ ಕಿಟಕಿಗಳ ಸಂಖ್ಯೆಯನ್ನೂ ಕೂಡಿಸಿ ದರ್ಜೆಯನ್ನು ನಿರ್ಣಯಿಸಿದ್ದಾರೆ. ಮತ್ತೊಂದು ಪತ್ರದಲ್ಲಿ ಕೊಟ್ಟಿಗೆ, ಕುದುರೆಲಾಯ, ಹಂದಿಗೂಡುಗಳ ಎಣಿಕೆಯೂ ಉಂಟು. ತನ್ನ ಅತಿಥಿಗೃಹದ ಪಂಕ್ತಿಯನ್ನು ಹುಡುಕಿದವನು ಅಲ್ಲಿಗೇ ನಿಲ್ಲಬಾರದು. ಅದೇ ಪಟ್ಟಿಯಲ್ಲಿ, ಮನೆಯು ಯಾರ ಹಿಡುವಳಿಯ ನೆಲದ ಮೇಲೆ ನಿಂತಿದೆಯೆಂದು ಹೇಳುವ ಒಂದು ಅಂಕಣವಿದೆ. ಕೆಳಗಿನ ಪಂಕ್ತಿಗಳಲ್ಲಿ ಗೋಡೆಗೆ ಸೊನ್ನೆ, ಮಾಡಿಗೆ ಸೊನ್ನೆ, ಒಂದು ಕಿಟಕಿ ಎಂದಿರುವ ಮನೆಗಳೇನಾದರೂ ಇದ್ದು, ಅವುಗಳಿಗೆದುರಾಗಿ ಆ ಅಂಕಣದಲ್ಲಿ ಅತಿಥಿಗೃಹದ ಅಂದಿನ ಯಜಮಾನನ ಹೆಸರೇ ಬರೆದಿದ್ದರೆ, ಆ ಕೂಲಿಯವರು ಎಲ್ಲಿ ಮಲಗುತ್ತಿದ್ದರೆಂಬುದನ್ನು ಮರುದಿನ ಬೆಳಗ್ಗೆ ಗಾಡಿ ಹೊರಡಿಸುವ ಮುನ್ನ ಹೊಲದ ಮೂಲೆಯಲ್ಲಿ ಹುಡುಕಬಹುದು.