ಗೊನೆಗೆ ಬಿಡುವ ಮದ್ದು

ಕಂಕನಾಡಿಯಲ್ಲಿ ನಾನು ರೂಮು ಹಿಡಿದದ್ದು ವರ್ಕ್ ಫ್ರಮ್ ಹೋಮ್‌ಗಲ್ಲ, ಅಪ್ಪನ ಕೀಮೋಗೆ. ಅಪ್ಪನ ತೊಡೆಯಲ್ಲಿ ಒಂದು ಗಡ್ಡೆ ಎದ್ದಿತ್ತು, ಸಾರ್ಕೋಮಾ. ಮೂರು ವಾರಕ್ಕೊಮ್ಮೆ ಅವರು ಊರಿಂದ ಬಸ್ಸಲ್ಲಿ ಬರೋದು, ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಪಕ್ಕದ ಕುರ್ಚಿಯಲ್ಲಿ ಕೂರೋದು. ಮೇಲಿಂದ ಕೆಂಪು ದ್ರವ ಹನಿಹನಿಯಾಗಿ ಇಳಿಯುತ್ತಿತ್ತು. ಅದರ ಹೆಸರು ಡಾಕ್ಸೊರುಬಿಸಿನ್.

ಎರಡನೇ ಸಲಕ್ಕೆ ಬರುವಷ್ಟರಲ್ಲಿ ತಲೆಯಲ್ಲಿ ಕೂದಲಿರಲಿಲ್ಲ. ಅಪ್ಪ ಕೇಳಿದರು, "ಗಡ್ಡೆ ಇರೋದು ತೊಡೆಯಲ್ಲಿ. ತಲೆಕೂದಲು ಯಾಕೆ ಹೋಗ್ಬೇಕು?"

ಮದ್ದು ರಕ್ತದ ಜೊತೆ ಇಡೀ ಮೈಗೆ ಹೋಗ್ತದೆ, ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಕೊಲ್ತದೆ, ಕೂದಲಿನ ಬುಡವೂ ಅದರಲ್ಲಿ ಸೇರ್ತದೆ ಅಂತ ಹೇಳಿದೆ. ಅಪ್ಪ ಅಡಿಕೆ ಕೃಷಿಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಕೊಳೆರೋಗಕ್ಕೆ ಮದ್ದು ಬಿಡುವಾಗ ನಾವು ಗೊನೆಗೆ ಬಿಡ್ತೇವೆ. ಇವರು ಇಡೀ ತೋಟಕ್ಕೇ ಬಿಡ್ತಾರಲ್ಲ ಮಾರಾಯ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಹುಡುಕುತ್ತಾ ಕೂತೆ. ಅಪ್ಪ ಕೇಳಿದ್ದು ನೂರು ವರ್ಷಕ್ಕೂ ಹಳೆಯ ಪ್ರಶ್ನೆ ಅಂತ ಗೊತ್ತಾಯ್ತು.

ನಾವಿದ್ದ ಕಂಕನಾಡಿಯಿಂದಲೇ ಶುರು ಮಾಡೋಣ. ಜರ್ಮನಿ ಮೂಲದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿದರು. ಕುಷ್ಠಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದ. ಶತ್ರು ಯಾರು ಅಂತ ಗೊತ್ತಿತ್ತು, ಹೊಡೆಯೋದು ಹೇಗೆ ಅಂತ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಭಾರತದಲ್ಲಿ ಕುಷ್ಠಕ್ಕೆ ಹೆಸರಾಗಿದ್ದ ಮದ್ದು ಚಾಲ್‌ಮೂಗ್ರ ಎಣ್ಣೆ. ಅದೇ ಜಾತಿಗೆ ಹತ್ತಿರದ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಉಂಟು, ಗರುಡಫಲ ಅಂತಾರೆ. ಎಣ್ಣೆಗೆ ಸ್ವಲ್ಪ ಗುಣ ಇತ್ತು, ಆದರೆ ಅದನ್ನು ಮೈಯೊಳಗೆ ಸೇರಿಸೋದೇ ಕಷ್ಟ. ಕುಡಿದರೆ ವಾಂತಿ. ಚುಚ್ಚಿದರೆ ಮಂದ ಎಣ್ಣೆ ಚರ್ಮದಡಿ ಗಂಟು ಗಂಟಾಗಿ ನಿಲ್ಲುತ್ತಿತ್ತು.

ಅದನ್ನು ಬಿಡಿಸಿದ್ದು ಹವಾಯಿಯ ಆಲಿಸ್ ಬಾಲ್ ಎಂಬ ಇಪ್ಪತ್ತಮೂರರ ಕರಿಯ ಹುಡುಗಿ. 1915ರ ಹೊತ್ತಿಗೆ ಆಕೆ ಎಣ್ಣೆಯ ಆಮ್ಲಗಳನ್ನು ಈಥೈಲ್ ಎಸ್ಟರ್ ಆಗಿ ಬದಲಿಸಿದಳು. ಮದ್ದಿನ ಸತ್ವ ಅದೇ, ಆದರೆ ಈಗ ಮೈ ಅದನ್ನು ಹೀರಿಕೊಳ್ಳುತ್ತಿತ್ತು. 1916ರಲ್ಲಿ, 24ನೇ ವಯಸ್ಸಿಗೆ ಆಕೆ ತೀರಿಕೊಂಡಳು. ಕಾಲೇಜಿನ ಮುಖ್ಯಸ್ಥ ಆರ್ಥರ್ ಡೀನ್ ಆ ವಿಧಾನವನ್ನು ಆಕೆಯ ಹೆಸರೆತ್ತದೆ ಪ್ರಕಟಿಸಿದ. ಆಲಿಸ್ ಬಾಲ್ ಹೊಸ ಮದ್ದನ್ನೇನೂ ಕಂಡುಹಿಡಿಯಲಿಲ್ಲ, ಇದ್ದ ಮದ್ದಿಗೆ ದಾರಿ ಮಾಡಿಕೊಟ್ಟಳು.

ಆದರೆ ಮೈಯೊಳಗೆ ಸೇರಿದರೆ ಸಾಲದು, ಬೇಕಾದ ಜಾಗಕ್ಕೇ ಹೋಗಬೇಕು. ಜರ್ಮನಿಯ ಪೌಲ್ ಎರ್ಲಿಖ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇದನ್ನು 'ಮಾಂತ್ರಿಕ ಗುಂಡು' ಅಂತ ಕರೆದಿದ್ದ. ರೋಗವನ್ನು ಮಾತ್ರ ಹೊಡೆದು, ರೋಗಿಯನ್ನು ಬಿಟ್ಟುಬಿಡುವ ಗುಂಡು.

ಅದಕ್ಕೊಂದು ನಕ್ಷೆ ಸಿಕ್ಕಿದ್ದು 1975ರಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಹೆಲ್ಮುಟ್ ರಿಂಗ್ಸ್‌ಡಾರ್ಫ್ ಬರೆದ ಚಿತ್ರ ನೋಡಿದರೆ ನಮ್ಮ ಆಫೀಸಿನ ಆರ್ಕಿಟೆಕ್ಚರ್ ಡಯಾಗ್ರಾಂ ನೆನಪಾಗ್ತದೆ. ಒಂದು ಉದ್ದನೆಯ ಪಾಲಿಮರ್ ಸರಪಳಿ. ಅದಕ್ಕೆ ನೀರಲ್ಲಿ ಕರಗಿಸುವ ಒಂದು ಭಾಗ, ವಿಳಾಸ ಹುಡುಕುವ ಇನ್ನೊಂದು ಭಾಗ, ಮತ್ತೆ ಸಣ್ಣ ಕೊಂಡಿಯಲ್ಲಿ ನೇತಾಡುವ ಮದ್ದು. ಜಾಣತನ ಇರೋದು ಆ ಕೊಂಡಿಯಲ್ಲಿ. ರಕ್ತದಲ್ಲಿ ತುಂಡಾಗಬಾರದು, ಜೀವಕೋಶದ ಒಳಗೆ ಹೋದ ಮೇಲೆ ತುಂಡಾಗಬೇಕು.

ಪ್ರಾಗ್‌ನ ಯಿಂದ್ರಿಖ್ ಕೊಪೆಚೆಕ್ ಮತ್ತು ಬ್ರಿಟನ್ನಿನ ರುತ್ ಡಂಕನ್ ಇಂಥದ್ದೊಂದನ್ನು ಮಾಡಿಯೇ ಬಿಟ್ಟರು. ಸರಪಳಿ ಎಚ್‌ಪಿಎಂಎ ಎಂಬ ಪಾಲಿಮರ್, ಕೊಂಡಿ ನಾಲ್ಕು ಅಮೈನೋ ಆಮ್ಲಗಳದ್ದು, ಮದ್ದು ಅಪ್ಪನದ್ದೇ ಡಾಕ್ಸೊರುಬಿಸಿನ್. 1990ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ, ಮಾಮೂಲಿ ಡೋಸ್‌ನ ನಾಲ್ಕೈದು ಪಟ್ಟು ಮದ್ದನ್ನು ಮೈ ತಡೆದುಕೊಂಡಿತು. ಹೃದಯಕ್ಕೆ ಪೆಟ್ಟು ಬಿದ್ದದ್ದು ಕಾಣಲಿಲ್ಲ. ಆದರೂ ಅದು ಮಾರುಕಟ್ಟೆಗೆ ಬರಲೇ ಇಲ್ಲ.

ಹೃದಯದ ಮಾತು ಯಾಕೆ ಬಂತು ಅಂದರೆ, ಡಾಕ್ಸೊರುಬಿಸಿನ್ ಹೃದಯದ ಸ್ನಾಯುವನ್ನು ತಿನ್ನುತ್ತದೆ. ಅದಕ್ಕೇ ಒಬ್ಬ ಮನುಷ್ಯನಿಗೆ ಇಡೀ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಅಂತ ಮಿತಿ ಉಂಟು. ಅಪ್ಪನಿಗೆ ಐದನೇ ಸಲದ ಮೊದಲು ಎಕೋ ಮಾಡಿದಾಗ ಹೃದಯ ಸ್ವಲ್ಪ ಸೋತಿತ್ತು. ಗಡ್ಡೆ ಕರಗುತ್ತಿತ್ತು, ಮದ್ದು ಕೆಲಸ ಮಾಡುತ್ತಿತ್ತು. ಆದರೂ ನಿಲ್ಲಿಸಬೇಕಾಯ್ತು. ಆ ದಿನ ಕಂಕನಾಡಿಯ ಸರ್ಕಲ್‌ನಲ್ಲಿ ನಿಂತು ನಾನು ಚಹಾ ಕುಡಿದದ್ದು ನೆನಪಿದೆ, ರುಚಿ ನೆನಪಿಲ್ಲ.

ಮಾರುಕಟ್ಟೆಗೆ ಬಂದದ್ದು ಇದರ ದಾಯಾದಿ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್. ಅದರಲ್ಲಿ ಇದೇ ಮದ್ದನ್ನು ಕೊಬ್ಬಿನ ಸಣ್ಣ ಗುಳ್ಳೆಯೊಳಗಿಟ್ಟು, ಹೊರಗೆ ಪೆಗ್ ಎಂಬ ಪಾಲಿಮರ್‌ನ ಹೊದಿಕೆ ಹಾಕಿರ್ತಾರೆ. ಕೊಲೊನೋಸ್ಕೋಪಿಗೆ ಮೊದಲು ಹೊಟ್ಟೆ ತೊಳೆಯಲು ಕುಡಿಸುವ ಪುಡಿಯಲ್ಲೂ ಇರೋದು ಇದೇ ಪೆಗ್! ಈ ಹೊದಿಕೆಯಿಂದಾಗಿ ಗುಳ್ಳೆಗಳು ಬೇಗನೆ ಯಕೃತ್ತಿನ ಕೈಗೆ ಸಿಗೋದಿಲ್ಲ, ರಕ್ತದಲ್ಲಿ ಬಹಳ ಹೊತ್ತು ಸುತ್ತುತ್ತವೆ. ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿ ಇಳಿದು ಉಳಿಯುತ್ತವೆ ಅಂತ ಜಪಾನಿನ ಹಿರೋಶಿ ಮಯೇದಾ ತಂಡ 1986ರಲ್ಲಿ ತೋರಿಸಿತ್ತು. ಎಲ್ಲರ ಭರವಸೆ ಆ ಸೋರಿಕೆಯ ಮೇಲೆ ನಿಂತಿತು.

2016ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಯೋಗಗಳನ್ನು ಗುಡ್ಡೆ ಹಾಕಿ ಲೆಕ್ಕ ನೋಡಿತು. ಪ್ರಾಣಿಗಳಿಗೆ ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆಯನ್ನು ಮುಟ್ಟಿದ್ದು ಎಷ್ಟು? ಮಧ್ಯಾಂಕ ಶೇ. 0.7.

ಹಾಗಂತ ಕೈಚೆಲ್ಲಿ ಕೂತವರಿಲ್ಲ, ನಮ್ಮಲ್ಲೂ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮಿನಭಾವಿ ಮತ್ತು ಸಂಗಡಿಗರು ಕೈಟೊಸಾನ್‌ನಿಂದ ಮದ್ದು ಹೊರುವ ಕಣಗಳನ್ನು ಮಾಡುವ ಬಗ್ಗೆ 2004ರಲ್ಲಿ ಬರೆದ ವಿಮರ್ಶಾ ಲೇಖನವನ್ನು ಜಗತ್ತಿನ ಲ್ಯಾಬುಗಳು ಇವತ್ತಿಗೂ ಉಲ್ಲೇಖಿಸುತ್ತವೆ. ಕೈಟೊಸಾನ್ ಬರೋದು ಎಲ್ಲಿಂದ? ಸಿಗಡಿ, ಏಡಿಗಳ ಚಿಪ್ಪಿನಿಂದ. ನಮ್ಮ ಧಕ್ಕೆಯಲ್ಲಿ ಮೂಗು ಮುಚ್ಚಿಕೊಂಡು ದಾಟುವ ರಾಶಿಯಿಂದ. ಅದಕ್ಕೆ ಧನ ವಿದ್ಯುದಂಶ ಇರೋದ್ರಿಂದ ಕರುಳಿನ ಲೋಳೆಗೆ ಅಂಟಿಕೊಳ್ತದೆ, ಮದ್ದನ್ನು ನಿಧಾನಕ್ಕೆ ಬಿಟ್ಟುಕೊಡ್ತದೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. 0.7 ಕೇಳಿ ಅವರಿಗೆ ಆಶ್ಚರ್ಯ ಆಗಲಿಲ್ಲ. "ಬರೀ ಮೈಲುತುತ್ತು, ಸುಣ್ಣ ಬಿಟ್ಟರೆ ಮಳೆಗೆ ತೊಳೆದು ಹೋಗ್ತದೆ. ಅದಕ್ಕೇ ರಾಳ ಸೇರಿಸೋದು. ಅಂಟು ಸರಿಯಾಗುವವರೆಗೆ ಎಷ್ಟು ಜನ ಎಷ್ಟು ವರ್ಷ ತೋಟ ಕಳ್ಕೊಂಡಿರಬಹುದು, ಯಾರಿಗೆ ಗೊತ್ತು?"

ಅಪ್ಪ ಈಗ ಊರಲ್ಲಿದ್ದಾರೆ. ಉಳಿದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಗುಡ್ಡೆ ಹತ್ತಿದರೆ ಏದುಸಿರು ಬರ್ತದೆ, ಆ ಮದ್ದಿನ ಗುರುತು ಅದು. ಮೊನ್ನೆ ಆಟಿಯಲ್ಲಿ ಒಂದು ದಿನ ಬಿಸಿಲು ಬಿದ್ದಾಗ ಎರಡನೇ ಸಲ ಮದ್ದು ಬಿಡಿಸಿದರು. ಕಾರ್ಬನ್ ಫೈಬರ್ ದೋಟಿ ಹಿಡಿದ ಹುಡುಗ ಸ್ಪ್ರೇಯನ್ನು ಸೋಗೆಗೆಲ್ಲ ಹಾರಿಸುತ್ತಿದ್ದ. ಅಪ್ಪ ಕೆಳಗೆ ಕೋಲೂರಿ ನಿಂತು ಕೂಗಿದರು:

"ಗೊನೆಗೆ ಬಿಡು ಮಾರಾಯ, ಗೊನೆಗೆ!"