ಹೆತ್ತವರು ಯಾರು, ಸಾಕಿದವರು ಯಾರು: ಪಾಡ್ದನದ ವೀರರ ಜಾತಿ

ಜಗತ್ತಿನ ಕಥೆಗಳಲ್ಲಿ ಬರುವ ವೀರರೆಲ್ಲ ಒಬ್ಬನೇ ವೀರನ ಬೇರೆ ಬೇರೆ ವೇಷಗಳು ಎಂದು ನಂಬುವ ಒಂದು ವಿದ್ವತ್ ಪರಂಪರೆ ಇದೆ. 1909ರಲ್ಲಿ ವಿಯೆನ್ನಾದ ಆಟೊ ರಾಂಕ್, 1936ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಗ್ಲನ್, 1949ರಲ್ಲಿ ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ಇದನ್ನೇ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಹೇಳಿದರು. ರಾಂಕ್ ಕಂಡ ವೀರ ದೊಡ್ಡ ಮನೆಯಲ್ಲಿ ಹುಟ್ಟುತ್ತಾನೆ. ಅವನನ್ನು ಹೊಳೆಗೋ ಕಾಡಿಗೋ ಎಸೆಯುತ್ತಾರೆ. ಕುರುಬರೋ ಬೆಸ್ತರೋ ಎತ್ತಿ ಸಾಕುತ್ತಾರೆ. ಬೆಳೆದ ಮೇಲೆ ಅವನು ತನ್ನ ಹುಟ್ಟಿನ ಹಕ್ಕನ್ನು ಮರಳಿ ಪಡೆಯುತ್ತಾನೆ. ಮೋಸೆಸ್, ಈಡಿಪಸ್, ರೊಮುಲಸ್ ಇರುವ ರಾಂಕ್‌ನ ಪಟ್ಟಿಯಲ್ಲಿ ನಮ್ಮ ಕರ್ಣನೂ ಇದ್ದಾನೆ. ಇಂಥ ಪಟ್ಟಿಗಳು ನಮ್ಮ ಜಾನಪದ ಪಾಠಗಳಿಗೂ ಬಂದವು. ವೀರನನ್ನು ಪಟ್ಟಿಯ ಪಕ್ಕದಲ್ಲಿ ನಿಲ್ಲಿಸಿ ಒಂದೊಂದೇ ಲಕ್ಷಣಕ್ಕೆ ಗೆರೆ ಎಳೆದರೆ ಸಂಶೋಧನೆ ಮುಗಿಯಿತು. ಪಟ್ಟಿ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಎಸೆದವರ ಜಾತಿ ಯಾವುದು, ಎತ್ತಿಕೊಂಡವರ ಜಾತಿ ಯಾವುದು? ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳದೆ ಇರಲು ಸಾಧ್ಯವಿಲ್ಲ.

ಪುತ್ತೂರು ತಾಲ್ಲೂಕಿನ ಪಡುಮಲೆ ಕೋಟಿ ಚೆನ್ನಯರು ಹುಟ್ಟಿದ ನೆಲ. ಪಂಜದ ಮೇಲಿಂದ ಹೋಗಿ ಅವರು ಸತ್ತದ್ದು ಎಣ್ಮೂರಿನಲ್ಲಿ. ಒಂದು ಮಹಾಕಾವ್ಯದ ಭೂಗೋಳವನ್ನು ಇಲ್ಲಿ ಒಂದು ದಿನದಲ್ಲಿ ಸುತ್ತಿಬರಬಹುದು. ಅವರ ತಾಯಿ ದೇಯಿ ಬೈದೆತಿ. ಬಲ್ಲಾಳನ ಕಾಲಿಗೆ ಮುಳ್ಳು ತಾಗಿ, ಹುಣ್ಣಾಗಿ, ಯಾರಿಂದಲೂ ಗುಣವಾಗದೆ ಇದ್ದಾಗ ತುಂಬು ಬಸುರಿಯನ್ನು ಬೀಡಿಗೆ ಕರೆಸುತ್ತಾರೆ. ಅವಳು ಮದ್ದು ಮಾಡಿ ಬದುಕಿಸುತ್ತಾಳೆ. ಇಲ್ಲಿಯವರೆಗೆ ಇದು ಮೂರ್ತೆ ಮಾಡುವ ಬೈದ್ಯರ ಮನೆಯ ಹೆಂಗಸಿನ ಕಥೆ. ಆದರೆ ಈಗ ಪ್ರಚಾರದಲ್ಲಿರುವ ಪಾಠಗಳಲ್ಲಿ ಇದಕ್ಕೂ ಮುಂಚಿನ ಒಂದು ಅಧ್ಯಾಯ ಇದೆ. ದೇಯಿ ಹುಟ್ಟಿನಿಂದ ಬ್ರಾಹ್ಮಣರ ಹುಡುಗಿ, ಸ್ವರ್ಣ ಕೇದಗೆ. ಮದುವೆಗೆ ಮುಂಚೆ ಮೈನೆರೆದಳೆಂದು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟರು. ಸಾಯನ ಬೈದ್ಯ ಕಂಡು ಮನೆಗೆ ಕರೆತಂದು ಸಾಕಿದ.

ಈ ಅಧ್ಯಾಯವನ್ನು ಎರಡು ರೀತಿ ಓದಬಹುದು. ಹೆಣ್ಣಿನ ಮೈಯನ್ನು ಮೈಲಿಗೆ ಎಂದು ಕಾಡುಪಾಲು ಮಾಡಿದ ಅಗ್ರಹಾರದ ಕ್ರೌರ್ಯವನ್ನೂ, ಅವಳನ್ನು ಎತ್ತಿಕೊಂಡ ಶೂದ್ರ ಮನೆಯ ಮಾನವೀಯತೆಯನ್ನೂ ಇದು ಹೇಳುತ್ತದೆ ಅನ್ನುವವರಿದ್ದಾರೆ. ಅದು ಸುಳ್ಳಲ್ಲ. ಬಯ್ಗುಳವನ್ನು ಕಥೆಯಾಗಿ ಹೇಳುವುದು ಜನಪದರ ಹಳೆಯ ಉಪಾಯ. ಆದರೆ ಅದೇ ಅಧ್ಯಾಯ ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ಇಷ್ಟು ದೊಡ್ಡ ವೀರರು ಬರೀ ಬೈದ್ಯರ ರಕ್ತದಿಂದ ಹುಟ್ಟಲಾರರು, ಎಲ್ಲೋ ಒಂದು ಕಡೆ ಮೇಲಿನವರ ರಕ್ತ ಇರಲೇಬೇಕು ಎಂದು ಅದು ಸೂಚಿಸುತ್ತದೆ.

ಇದು ತುಳುನಾಡಿಗೆ ಮಾತ್ರ ಅಂಟಿದ ರೋಗವಲ್ಲ. ಕಬೀರ ನೇಕಾರರಾದ ನೀರು-ನೀಮಾರ ಮನೆಯಲ್ಲಿ ಬೆಳೆದವನು. ಅವನನ್ನು ಹೆತ್ತು ಬಿಟ್ಟವಳು ಬ್ರಾಹ್ಮಣ ವಿಧವೆ ಎಂದು ಕಥೆ ಕಟ್ಟಿದರು. ಚಮ್ಮಾರ ರವಿದಾಸ ಹಿಂದಿನ ಜನ್ಮದಲ್ಲಿ ಬ್ರಾಹ್ಮಣನಾಗಿದ್ದ, ಎದೆ ಸೀಳಿ ಒಳಗಿನ ಜನಿವಾರ ತೋರಿಸಿದ ಎಂದರು. ನಂದನಾರನನ್ನು ಚಿದಂಬರದ ಗುಡಿಯೊಳಗೆ ಬಿಡುವ ಮುಂಚೆ ಬೆಂಕಿಗೆ ಇಳಿಸಿದರು. 12ನೇ ಶತಮಾನದ ಪೆರಿಯ ಪುರಾಣದಲ್ಲಿ ಅವನು ಬೆಂಕಿಯಿಂದ ಜನಿವಾರದೊಡನೆ ಎದ್ದುಬರುತ್ತಾನೆ. ನಮ್ಮ ಪಕ್ಕದ ಕಾಸರಗೋಡಿನಲ್ಲಿ, ಉತ್ತರ ಕೇರಳದಲ್ಲಿ ಪೊಟ್ಟನ್ ತೆಯ್ಯಂ ಇದೆ. ದಾರಿ ಬಿಡು ಎಂದ ಶಂಕರಾಚಾರ್ಯನನ್ನು ಪುಲಯನೊಬ್ಬ ನಿಲ್ಲಿಸಿ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಇಲ್ಲದಾಗ ಪುರಾಣ ಒಂದು ಉಪಾಯ ಮಾಡಿತು: ಕೇಳಿದವನು ಪುಲಯನಲ್ಲ, ವೇಷ ಮರೆಸಿಕೊಂಡ ಶಿವ! ಹೊಲೆಯನ ಬುದ್ಧಿ ಹೊಲೆಯನದಲ್ಲ, ಚಮ್ಮಾರನ ಭಕ್ತಿ ಚಮ್ಮಾರನದಲ್ಲ, ಬೈದೆತಿಯ ಮಕ್ಕಳ ಕಸುವು ಬೈದೆತಿಯದಲ್ಲ. 1948ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ತಮ್ಮ ಪುಸ್ತಕವನ್ನು ನಂದನಾರ, ರವಿದಾಸ, ಚೋಖಾಮೇಳರ ನೆನಪಿಗೆ ಅರ್ಪಿಸುವಾಗ ಅವರನ್ನು ಅಸ್ಪೃಶ್ಯರಲ್ಲಿ ಹುಟ್ಟಿದ ಸಂತರೆಂದೇ ಬರೆದರು. ಆ ಒಂದು ಸಾಲಿನಲ್ಲಿ ಬೆಂಕಿಯೂ ಇಲ್ಲ, ಜನಿವಾರವೂ ಇಲ್ಲ.

ಇಲ್ಲಿ ನಮಗೆ ಒದಗುವವನು, ವಿಚಿತ್ರವೆಂದರೆ, ರಾಂಕ್‌ನ ಗುರು ಫ್ರಾಯ್ಡ್. 1939ರಲ್ಲಿ ಮೋಸೆಸ್ ಬಗ್ಗೆ ಬರೆದಾಗ ಅವನು ಒಂದು ಮಾತು ಹೇಳಿದ. ಇಂಥ ಕಥೆಗಳಲ್ಲಿ ಎರಡು ಮನೆಗಳಿರುತ್ತವೆ: ಮಗುವನ್ನು ಎಸೆದ ಮನೆ, ಸಾಕಿದ ಮನೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಎಸೆದ ಮನೆ ಕಟ್ಟುಕಥೆ, ಸಾಕಿದ ಮನೆಯೇ ನಿಜವಾದದ್ದು. ಮೋಸೆಸನ ವಿಷಯದಲ್ಲಿ ಫ್ರಾಯ್ಡ್ ಇದನ್ನು ಎಲ್ಲಿಗೆ ಒಯ್ದ ಎಂಬುದು ಬೇರೆ ಚರ್ಚೆ, ಇರಲಿ. ಈ ಸೂತ್ರವನ್ನು ಪಡುಮಲೆಗೆ ತನ್ನಿ. ಸಾಯನ ಬೈದ್ಯನ ಮನೆ ನಿಜವಾದ ಮನೆಯಾಗುತ್ತದೆ. ಕಥೆಯ ಒಳಗಿನ ಸಾಕ್ಷ್ಯವೂ ಅದೇ. ಬಲ್ಲಾಳನನ್ನು ಬದುಕಿಸಿದ ಮದ್ದಿನ ವಿದ್ಯೆ ದೇಯಿಗೆ ಬಂದದ್ದು ಎಲ್ಲಿಂದ? ಕಣ್ಣು ಕಟ್ಟಿ ಕಾಡಿಗೆ ಅಟ್ಟಿದ ಮನೆಯಿಂದ ಅಲ್ಲ. ಬೈದ್ಯ ಎಂಬ ಹೆಸರಿನಲ್ಲೇ ವೈದ್ಯ ಇದೆ ಎಂದು ಹೇಳುವುದುಂಟು. ಮರ ಹತ್ತುವವನಿಗೆ ಕಾಡಿನ ಸೊಪ್ಪು, ಬೇರು, ಕೆತ್ತೆಗಳ ಗುರುತಿರುತ್ತದೆ. ಆ ಜ್ಞಾನ ಕಸುಬಿನಿಂದ ಬಂದದ್ದು. ರಕ್ತವನ್ನು ಬದಲಾಯಿಸಿದವರು ವಿದ್ಯೆಯನ್ನು ಬದಲಾಯಿಸಲು ಮರೆತರು.

ಪುತ್ತೂರು ತಾಲ್ಲೂಕಿನ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ದೇಯಿ ಬೈದೆತಿಯ ಕ್ಷೇತ್ರವನ್ನು ಕಟ್ಟಿ 2020ರಲ್ಲಿ ಬ್ರಹ್ಮಕಲಶ ಮಾಡಿದರು. 1912ರಲ್ಲಿ ಕುದ್ರೋಳಿಯಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು ದೇವಸ್ಥಾನದ ಹೊರಗೆ ನಿಲ್ಲಿಸಿದ್ದ ಜನಕ್ಕೆ ತಮ್ಮದೇ ಬಾಗಿಲು ಬೇಕಾಗಿತ್ತು ಎಂಬ ಕಾರಣಕ್ಕೆ. ನೂರು ವರ್ಷ ಕಳೆದ ಮೇಲೆ ಒಬ್ಬ ತಾಯಿಗೆ, ಅದೂ ಮದ್ದು ಕೊಡುವ ತಾಯಿಗೆ, ಜಾಗ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಬ್ರಹ್ಮಕಲಶ ಎಂಬ ಶಬ್ದ ಅಲ್ಲಿಗೆ ಏಕೆ ಬೇಕಾಯಿತು ಎಂದು ಮಾತ್ರ ಬಿಲ್ಲವ ಗೆಳೆಯರು ತಾವೇ ಕೇಳಿಕೊಳ್ಳಬೇಕು.

ಈಗ ಅವಳಿಗಳ ವಿಷಯ. ಅಶ್ವಿನಿ ದೇವತೆಗಳು, ಲವಕುಶರು, ಗ್ರೀಕರ ಕ್ಯಾಸ್ಟರ್-ಪೊಲಕ್ಸ್, ಮಾಯಾ ಜನರ ಹುನಾಪು-ಇಷ್ಬಲಂಕೆ. ಜೋಡಿ ವೀರರು ಎಲ್ಲಾ ಕಡೆ ಇದ್ದಾರೆ. ಒಬ್ಬ ತಾಳ್ಮೆಯವನು, ಇನ್ನೊಬ್ಬ ಮುಂಗೋಪಿ. ಕೋಟಿ ಚೆನ್ನಯರಲ್ಲೂ ಹೀಗೇ. ಆದರೆ ಈ ಸಾಮ್ಯದಲ್ಲಿ ಮೈಮರೆತರೆ ಅವರ ಜಗಳ ಯಾವುದಕ್ಕೆ ಎಂಬುದು ಕಾಣದಾಗುತ್ತದೆ. ಜಗಳ ಗದ್ದೆಯ ನೀರಿಗೆ. ಅವರ ಗದ್ದೆಯ ಪಕ್ಕ ಬಲ್ಲಾಳನ ಮಂತ್ರಿ ಬುದ್ಯಂತನ ಗದ್ದೆ. ಹುಣಿಯಲ್ಲಿ ಮಾತು ಬೆಳೆದು ಬುದ್ಯಂತನ ಕೊಲೆಯಾಗುತ್ತದೆ. ಆಮೇಲೆ ಬೀಡಿಗೆ ಹೋಗಿ ತಾಯಿಯ ಮದ್ದಿಗೆ ಕೊಡುತ್ತೇನೆಂದ ಭೂಮಿ ಎಲ್ಲಿ ಎಂದು ಕೇಳುತ್ತಾರೆ. ಬಲ್ಲಾಳ ಕೊಡುವುದಿಲ್ಲ. ಊರು ಬಿಡುತ್ತಾರೆ. ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಕೋಟಿ ಬಾಣ ತಾಗಿ ಬೀಳುತ್ತಾನೆ, ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಂಡು ಅಣ್ಣನ ಹಿಂದೆ ಹೋಗುತ್ತಾನೆ. ತಾಯಿಯ ಕೂಲಿ ಬಾಕಿ ಉಳಿದದ್ದರಿಂದ ಹುಟ್ಟಿದ ಕಾವ್ಯ ಇದು. ‘ವೀರನ ಪಯಣ’ ಎಂಬ ಹಣೆಪಟ್ಟಿ ಹಚ್ಚಿದ ಕೂಡಲೇ ಬಾಕಿಯ ಲೆಕ್ಕ ಅಳಿಸಿಹೋಗುತ್ತದೆ.

ಬಿಲ್ಲವರು ದಲಿತರಲ್ಲ. ಕೋಟಿ ಚೆನ್ನಯರ ಬಳಿ ಉಳಲು ಗದ್ದೆಯಾದರೂ ಇತ್ತು. 1801ರಲ್ಲಿ ಈ ಜಿಲ್ಲೆಯಲ್ಲಿ ತಿರುಗಾಡಿದ ಬುಕನನ್ ಭೂಮಿಯ ಲೆಕ್ಕದ ಜೊತೆ ಆಳುಗಳನ್ನು ಮಾರುವ, ಒತ್ತೆ ಇಡುವ ಲೆಕ್ಕವನ್ನೂ ಬರೆದುಕೊಂಡ. ಮೂಲದ ಹೊಲೆಯರು ಎಂದರೆ ಮಣ್ಣಿನ ಜೊತೆ ಕೈ ಬದಲಾಗುತ್ತಿದ್ದವರು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿ ಚೀಟಿಯೇ ಇಲ್ಲದವನ ಪಾಲಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ನೆಲ. ಈ ಜನಕ್ಕೂ ಜೋಡಿ ವೀರರಿದ್ದಾರೆ. ಕಾನದ-ಕಟದರು. ಮನ್ಸ ಸಮುದಾಯದ ಈ ಅಣ್ಣತಮ್ಮಂದಿರನ್ನು ಸತ್ಯಸಾರಮಾನಿಗಳೆಂದು ನಂಬುತ್ತಾರೆ. ಘಟ್ಟದ ಮೇಲಿನಿಂದ ಅತಿಕಾರೆ ಭತ್ತದ ಬಿತ್ತನ್ನು ತುಳುನಾಡಿಗೆ ತಂದವರು ಅವರು ಎಂದು ಪಾಡ್ದನ ಹೇಳುತ್ತದೆ. ದೇವತೆಗಳಿಂದ ಬೆಂಕಿ ಕದ್ದು ತಂದ ಪ್ರೊಮಿಥ್ಯೂಸನನ್ನು ಯುರೋಪು ತನ್ನ ನಾಗರಿಕತೆಯ ಮೊದಲ ಮನುಷ್ಯನಂತೆ ಕೊಂಡಾಡಿತು. ಅನ್ನವನ್ನೇ ತಂದವರ ಹೆಸರು ಅದನ್ನು ಉಂಡ ಊರಿನ ಶಾಲೆಯ ಪಠ್ಯದಲ್ಲಿ ಎಷ್ಟು ಕಾಲ ಇತ್ತು? ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದರು, 1973ರಲ್ಲಿ ಅದು ತುಳು ಸಿನಿಮಾ ಆಯಿತು, ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ನಡೆಯುವ ಕಂಬಳಕ್ಕೂ ಅವರ ಹೆಸರಿದೆ. ಕಾನದ-ಕಟದರು ಬಹುಕಾಲ ತಮ್ಮವರ ಕಟ್ಟೆಗಳಲ್ಲೇ ಉಳಿದರು.

ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. ಕನ್ನಡ ಸಾಹಿತ್ಯದಲ್ಲಿ ದಲಿತ ಎಂದೊಡನೆ ಕಣ್ಣಮುಂದೆ ನಿಲ್ಲುವ ಮೂಲಮಾದರಿ ಚೋಮನೇ ಆದ. ಒಂದು ತುಂಡು ನೆಲ ಉಳಬೇಕೆಂಬ ಆಸೆ, ಮನೆಯಲ್ಲಿ ಎತ್ತಿದ್ದರೂ ಉಳುವ ಹಕ್ಕಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ, ಮತಾಂತರಕ್ಕೆ ಹೊರಟವನನ್ನು ಪಂಜುರ್ಲಿಯ ಭಯ ಹಿಂದಕ್ಕೆ ಎಳೆಯುತ್ತದೆ, ದುಡಿ ಬಾರಿಸುತ್ತಾ ಸಾಯುತ್ತಾನೆ. ಕಾರಂತರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆ ಕಾಲದಲ್ಲಿ ಅಷ್ಟು ಹತ್ತಿರ ಹೋಗಿ ನೋಡಿದವರು ಇನ್ನೊಬ್ಬರಿಲ್ಲ. ಆದರೆ ಅದೇ ಮಣ್ಣಿನ ಅದೇ ಜನರ ನೆನಪಿನಲ್ಲಿ ಬಿತ್ತು ತಂದ ಇಬ್ಬರು ಯುವಕರು ಇದ್ದಾಗ ಕಾದಂಬರಿಗೆ ದೈವವಾಗಿ ಬಂದದ್ದು ಬೀಡಿನವರೂ ಬೆದರಿಸಲು ಬಳಸಬಹುದಾದ ಪಂಜುರ್ಲಿ. ಚೋಮ ನೆಲ ಬೇಡುತ್ತಾನೆ. ಬೇಸಾಯಕ್ಕೆ ಬೀಜ ಕೊಟ್ಟವರು ನಮ್ಮವರೇ ಎಂಬ ನೆನಪು ಅವನಿಗೆ ಇದ್ದಿದ್ದರೆ ಬಹುಶಃ ಅವನು ಬೇರೆ ದನಿಯಲ್ಲಿ ಕೇಳುತ್ತಿದ್ದ. ಆ ದನಿಗೆ ಕನ್ನಡ ಇನ್ನೂ ನಲವತ್ತು ವರ್ಷ ಕಾಯಬೇಕಾಯಿತು.

ಸಾವಿನ ವಿಷಯಕ್ಕೆ ಬರೋಣ. ಹುಟ್ಟನ್ನು ಮೇಲಕ್ಕೆ ಎತ್ತಿದ ಹಾಗೆ ಸಾವನ್ನು ಮರೆಮಾಡುವ ಒಂದು ಶಬ್ದ ತುಳುವಿನಲ್ಲಿದೆ: ಮಾಯ. ಕೊರಗ ತನಿಯನ ಕಥೆ ಗೊತ್ತಿರುವುದೇ. ತಂದೆತಾಯಿ ಇಲ್ಲದ ಹುಡುಗ, ಕಳ್ಳು ಮಾರುವ ಬೈದೆದಿ ಕರೆತಂದು ಸಾಕುತ್ತಾಳೆ. ಹೌದು, ಇವನೂ ಸಿಕ್ಕಿದ ಮಗುವೇ, ರಾಂಕ್‌ನ ಪಟ್ಟಿಗೆ ಒಗ್ಗುತ್ತಾನೆ. ಆದರೆ ಇವನಿಗೆ ದೊಡ್ಡ ಮನೆಯ ಹುಟ್ಟನ್ನು ಹಚ್ಚಲು ಯಾರೂ ಹೋಗಲಿಲ್ಲ. ಅಷ್ಟು ಕೆಳಗಿನವನು! ಏಳು ಜನ ಹೊರುವ ಹೊರೆಯನ್ನು ಒಬ್ಬನೇ ದೇವಸ್ಥಾನಕ್ಕೆ ಹೊತ್ತು ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಹೊತ್ತವನು ಹೊರಗೆ. ಅಲ್ಲಿಯೇ ಇದ್ದ ಹಣ್ಣಿನ ಮರಕ್ಕೆ ಕೈಹಾಕಿದವನು ಮಾಯವಾದ ಅನ್ನುತ್ತಾರೆ. ಕಾಡಿನಲ್ಲಿ ಹುಲಿ ಹಿಡಿದಿದ್ದರೆ ಹುಲಿ ಹಿಡಿಯಿತು ಎಂದು ಪಾಡ್ದನ ಹೇಳುತ್ತಿತ್ತು. ಗುಡಿಯ ಅಂಗಳದಲ್ಲಿ, ಒಳಗೆ ಬರಬೇಕೆಂದ ಕೊರಗನೊಬ್ಬ ಮಾಯವಾದ ಎಂಬಲ್ಲಿ ಕರ್ತೃ ಯಾರು ಎಂದು ವ್ಯಾಕರಣದ ವಿದ್ಯಾರ್ಥಿಯೂ ಕೇಳಬಹುದು. ನಂದನಾರನ ಬೆಂಕಿಯ ಬಗ್ಗೆ ದಲಿತ ವಿಮರ್ಶೆ ಎತ್ತಿದ ಸಂಶಯವೇ ಇಲ್ಲಿಯೂ ಏಳುತ್ತದೆ. ಸಾಕ್ಷಿ ಇಲ್ಲ. ಶಬ್ದ ಇದೆ.

ಕಲ್ಕುಡನ ಕಥೆಯಲ್ಲಿ ಇಂಥ ಮುಸುಕಿಲ್ಲ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಇನ್ನೆಲ್ಲೂ ಇಂಥದ್ದನ್ನು ಮಾಡಬಾರದೆಂದು ಅರಸ ಅವನ ಒಂದು ಕೈ ಒಂದು ಕಾಲು ಕಡಿಸಿದ ಎಂದು ಪಾಡ್ದನ ನೇರವಾಗಿ ಹೇಳುತ್ತದೆ. ತಾಜಮಹಲು ಕಟ್ಟಿದವರ ಕೈ ಕಡಿದರು, ಮಾಸ್ಕೋದ ಚರ್ಚು ಕಟ್ಟಿದವರ ಕಣ್ಣು ಕೀಳಿಸಿದರು ಎಂಬ ದಂತಕಥೆಗಳು ಅಲ್ಲಿಗೇ ಮುಗಿಯುತ್ತವೆ. ನಮ್ಮಲ್ಲಿ ತಂಗಿ ಕಲ್ಲುರ್ಟಿ ಬರುತ್ತಾಳೆ, ಅಣ್ಣನೂ ತಂಗಿಯೂ ದೈವಗಳಾಗಿ ಅರಸನ ಮನೆಗೆ ಬೆಂಕಿ ಹಾಕುತ್ತಾರೆ. ದುಡಿದವನ ಸಿಟ್ಟಿಗೆ ಇಷ್ಟು ದೊಡ್ಡ ಜಾಗವನ್ನು ಕೊಟ್ಟ ಪರಂಪರೆ ಕೊರಗನ ಸಾವಿನಲ್ಲಿ ಮಾತ್ರ ನಾಲಿಗೆ ಕಚ್ಚಿಕೊಂಡಿದೆ.

ಇಂದು ಕೊರಗಜ್ಜ ಎಲ್ಲರಿಗೂ ಬೇಕು. ಕಳೆದುಹೋದ ಚಿನ್ನ ಸಿಗಬೇಕಾದರೆ ಅಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರೆ. ಕಟ್ಟೆಗಳು ಎದ್ದಿವೆ, ಹಾಡುಗಳು ಬಂದಿವೆ. ಇದೇ ಜಿಲ್ಲೆಗಳಿಗಾಗಿ 2000ದಲ್ಲಿ ಕರ್ನಾಟಕ ಸರಕಾರ ಅಜಲು ಪದ್ಧತಿ ನಿಷೇಧದ ಕಾಯಿದೆ ತರಬೇಕಾಯಿತು. ಆ ಕಾಯಿದೆಯಲ್ಲಿ ಅಜಲು ಎಂದರೆ ಏನು ಎಂದು ಬರೆದಿರುವುದನ್ನು ಒಮ್ಮೆ ಓದಿ ನೋಡಿ: ಕೊರಗರಿಗೆ ಕೂಲಿ ಕೊಡದೆ ಅಥವಾ ಕಮ್ಮಿ ಕೊಟ್ಟು ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು, ಕಂಬಳ ಶುರುವಾಗುವ ಮುಂಚೆ ಅವರನ್ನು ಕೋಣಗಳ ಹಾಗೆ ಓಡಿಸುವುದು. ಯಾರದೋ ಸೀಮಂತದ ರೋಗವನ್ನು ಸಾಗಹಾಕಲು ಕೊರಗನ ಹೊಟ್ಟೆ, ಕಳೆದ ಒಡವೆ ಹುಡುಕಲು ಕೊರಗನ ದೈವ. ‘ಬಹಿಷ್ಕೃತನಲ್ಲಿ ಮಾಂತ್ರಿಕ ಶಕ್ತಿ’ ಎಂದು ಮೂಲಮಾದರಿಯವರು ಇದಕ್ಕೊಂದು ಹೆಸರು ಕೊಡಬಹುದು. ಜಗತ್ತಿನಲ್ಲೆಲ್ಲ ಹೀಗೇ ಎಂದು ಸಮಾಧಾನ ಹೇಳಬಹುದು. ಕಾಯಿದೆ ಬೇಕಾದದ್ದು ಮಾತ್ರ ಇಲ್ಲಿ.

ಈ ವೀರರನ್ನೆಲ್ಲ ಮೈಮೇಲೆ ಹೊರುವವರು ನಲಿಕೆ, ಪಂಬದ, ಪರವ ಜನ. ಗುತ್ತಿನ ಯಜಮಾನ ಕೈಮುಗಿದು ದೈವದ ನುಡಿ ಕೇಳುವುದು ಒಂದು ರಾತ್ರಿ. ಬಣ್ಣ ಒರೆಸಿದ ಮೇಲೆ ಅದೇ ಮನುಷ್ಯ ಅಂಗಳದ ಹೊರಗೆ ಎಲೆ ಹಾಕಿಸಿಕೊಳ್ಳುವ ಪದ್ಧತಿಯನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಡಿದವರು ನೇಜಿ ನೆಡುವ ಹೆಂಗಸರು. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿದ ಮೇಲೆ ಪುಸ್ತಕದ ಪಾಠಕ್ಕೊಂದು ಅಧಿಕಾರ ಬಂತು. ಈಗ ಕ್ಷೇತ್ರಗಳ ಕಿರುಹೊತ್ತಗೆ, ಸಿನಿಮಾ ಅದಕ್ಕಿಂತ ದೊಡ್ಡ ಅಧಿಕಾರ. ಪುತ್ತೂರು, ಸುಳ್ಯ, ಕಡಬದಲ್ಲಿ ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದವು. ನೇಜಿ ಇಲ್ಲದ ಕಡೆ ಹಾಡು ಹೇಳಲು ಹೊತ್ತೂ ಇಲ್ಲ, ಜಾಗವೂ ಇಲ್ಲ. ಹಾಡು ಬಲ್ಲ ಅಜ್ಜಿಯರು ಇನ್ನೂ ಇರುವ ಕಾಲೊನಿಗಳಿಗೆ ನಮ್ಮ ವಿದ್ಯಾರ್ಥಿಗಳು ಹೋಗಬೇಕು, ಹಾಡಿದವರ ಹೆಸರನ್ನೂ ಯಾರ ಗದ್ದೆಯಲ್ಲಿ ಕಲಿತದ್ದು ಎಂಬುದನ್ನೂ ಬರೆದುಕೊಳ್ಳಬೇಕು. ಮೊದಲು ದೇಯಿಯ ಹುಟ್ಟಿನ ಭಾಗವನ್ನು ಹೇಳಲು ಕೇಳಿ. ಸಾಯನ ಬೈದ್ಯನ ಮನೆಯಿಂದಲೇ ಹಾಡು ಶುರುವಾದರೆ, ನಡುವೆ ಬಾಯಿ ಹಾಕಿ ಕೇದಗೆಯನ್ನು ನೆನಪಿಸಲು ಹೋಗಬೇಡಿ.